ನೆಲನೆಲ್ಲಿಗೆ ಸಲ್ಲಬೇಕಾದ ಪರೀಕ್ಷೆ

ಮುಂಗಾರಿನ ಎರಡು ಹದಮಳೆ ಬಿದ್ದ ಮೇಲೆ ದೊಡ್ಡಬಳ್ಳಾಪುರದ ಸುತ್ತಣ ರಾಗಿಹೊಲಗಳ ಬದುಗಳಲ್ಲಿ, ಯಾರೂ ಬಿತ್ತದೆ ಯಾರೂ ನೀರೆರೆಯದೆ, ಗೇಣುದ್ದದ ನೆಲನೆಲ್ಲಿ ಮೇಲೇಳುತ್ತದೆ. ಅದರ ಕಡ್ಡಿಯೊಂದನ್ನು ಮಗುಚಿ ನೋಡಿದರೆ, ಎಲೆಗಳ ಅಡಿಯಲ್ಲಿ ಸಾಸಿವೆಗಾತ್ರದ ಹಸಿರು ಕಾಯಿಗಳು ಪೋಣಿಸಿದ ಮಣಿಗಳಂತೆ ಸಾಲಾಗಿ ತೂಗುತ್ತಿರುತ್ತವೆ. ಕಾಮಾಲೆ ತಗುಲಿದವರಿಗೆ ಈ ಗಿಡವನ್ನು ಬೇರುಸಹಿತ ಅರೆದು, ಮಜ್ಜಿಗೆಯಲ್ಲಿ ಕದಡಿ, ಬರಿಹೊಟ್ಟೆಯಲ್ಲಿ ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ ಪಥ್ಯ ಮಾಡಿಸುವ ನಾಟಿ ಔಷಧಿಯ ಪದ್ಧತಿ ಇಂದಿಗೂ ಅಳಿದಿಲ್ಲ. ಈ ಪರಂಪರೆಯಲ್ಲಿ ನನಗೆ ಗೌರವವುಂಟು. ಆ ಗೌರವದಿಂದಲೇ ಅದನ್ನು ಕಟ್ಟುನಿಟ್ಟಾದ ಪರೀಕ್ಷೆಗೆ ಒಡ್ಡಬೇಕೆನ್ನುತ್ತೇನೆ.

ಕಲುಷಿತ ನೀರಿನಿಂದ ಬರುವ ಕಾಮಾಲೆಯು ಬಹುಮಂದಿಯಲ್ಲಿ ಕೆಲವು ವಾರಗಳೊಳಗೆ ತಾನಾಗಿಯೇ ಇಳಿಯತಕ್ಕದ್ದಾದುದರಿಂದ, ಔಷಧಿ ಕುಡಿದವನು ಗುಣಹೊಂದಿದನೆಂಬ ಮಾತ್ರಕ್ಕೆ ಔಷಧಿಯೇ ಗುಣಪಡಿಸಿತೆಂದು ನಿರ್ಣಯಿಸಲಾಗದು. ರಕ್ತದಲ್ಲಿ ವರ್ಷಗಟ್ಟಲೆ ನೆಲೆಸಬಲ್ಲ ಹೆಪಟೈಟಿಸ್ ಬಿ ವೈರಸ್ಸಿನ ಸಂಗತಿ ಬೇರೆ. ಮದರಾಸಿನ ಎಸ್. ಪಿ. ತ್ಯಾಗರಾಜನ್ ಹಾಗೂ ಆ ವೈರಸ್ಸಿನ ಶೋಧಕನೆಂದು ಖ್ಯಾತನಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಮೊದಲಾದವರು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 30 ದಿನ ನೆಲನೆಲ್ಲಿ ಸೇವಿಸಿದ ವಾಹಕರ ಪೈಕಿ ಶೇಕಡಾ 59 ಮಂದಿಯ ರಕ್ತದಿಂದ ವೈರಸ್ಸಿನ ಕುರುಹು ಮರೆಯಾಗಿತ್ತು. ಹುಸಿಮದ್ದು ಸೇವಿಸಿದವರಲ್ಲಿ ಶೇಕಡಾ 4 ಮಾತ್ರ. ಅನಂತರ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಪರೀಕ್ಷಿಸಿದವರಿಗೆ ಆ ಫಲ ದೊರೆಯಲಿಲ್ಲ.

ಹೀಗಾಗಲು ಕಾರಣಗಳು ಹಲವಿರಬಹುದು. ಹೆಸರೊಂದೇ ಆಗಿದ್ದು ಗಿಡವೇ ಬೇರೆಯಾಗಿರುವ ಸಂಭವವನ್ನಂತೂ ಅಲ್ಲಗಳೆಯಲಾಗದು. ನಮಗೆ ಸಮೀಪದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಭಾರತದ 25 ಅಂಗಡಿಗಳಿಂದ ಒಣ ನೆಲನೆಲ್ಲಿಯನ್ನು ತರಿಸಿ, ಡಿಎನ್‌ಎ ಗುರುತಿನಿಂದಲೂ ಖಚಿತಪಡಿಸಿ 2010ರಲ್ಲಿ ಪ್ರಕಟಿಸಿದಂತೆ, ಸುಮಾರು ಕಾಲುಭಾಗ ಅಂಗಡಿಗಳ ಸರಕಿನಲ್ಲಿ ಅದೇ ಕುಲದ ಬೇರೆ ಐದು ಜಾತಿಯ ಗಿಡಗಳಿದ್ದುವು. ಕೈಗೆ ಬಂದ ಸೊಪ್ಪು ಯಾವುದೆಂದೇ ತಿಳಿಯದೆ ಅದರ ಸಾರದ ಶಕ್ತಿಯನ್ನು ಅಳೆಯುವುದೆಂತು?

ಪ್ರಯೋಗಶಾಲೆಯಲ್ಲಿಯೂ ಕಣ್ಣು ಮೋಸಹೋಗಬಲ್ಲುದು. ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯ ಮೇಲೆ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನಿಟ್ಟು ಒಂದು ರಾತ್ರಿ ಬೆಚ್ಚಗಿರಿಸಿದರೆ, ಮಬ್ಬಾದ ಬೆಳೆಯ ನಡುವೆ ಬಿಲ್ಲೆಯ ಸುತ್ತ ತಿಳಿಯಾದ ವರ್ತುಲವೊಂದು ಮೂಡುವುದುಂಟು. ಅದನ್ನು ಮಿಲಿಮೀಟರುಗಳಲ್ಲಿ ಅಳೆದು ಹಿಗ್ಗುವ ಮುನ್ನ, ಸಾರ ತೆಗೆಯಲು ಬಳಸಿದ ದ್ರಾವಕವೊಂದನ್ನೇ ಅದ್ದಿದ ಬಿಲ್ಲೆಯು ಪಕ್ಕದಲ್ಲಿ ಏನು ಮಾಡಿತೆಂದು ನೋಡಬೇಕು. ಆಲ್ಕೋಹಾಲು ತಾನೇ ಸೂಕ್ಷ್ಮಾಣುಗಳನ್ನು ಕೊಲ್ಲತಕ್ಕದ್ದಷ್ಟೆ. ವೈರಸ್ಸಿಗಾದರೋ ಜೀವಂತ ಕೋಶಗಳ ಆಶ್ರಯ ಬೇಕು. ಸಾರದ ವಿಷಕ್ಕೆ ಕೋಶಗಳೇ ಸತ್ತರೆ ವೈರಸ್ಸೂ ಬೆಳೆಯದು. ಇಲಿಗಾಗಿ ಮನೆಗೆ ಬೆಂಕಿಯಿಟ್ಟಂತಹ ಈ ಫಲವನ್ನು ಜಯವೆಂದು ಎಣಿಸಬಾರದು. ತಟ್ಟೆಯ ಉಂಗುರಕ್ಕೂ ರೋಗಿಯ ಯಕೃತ್ತಿಗೂ ನಡುವಣ ದೂರವನ್ನು ಮರೆತು ‘ವೈರಸ್ ನಾಶಕ ಗಿಡ ಪತ್ತೆ’ ಎಂದು ಸಾರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಅಂಥದನ್ನೋದಿ ಆಸ್ಪತ್ರೆಯ ದಾರಿ ಬಿಟ್ಟವನ ನಷ್ಟವನ್ನು ತುಂಬಿಕೊಡುವವರಿಲ್ಲ.

ಪರೀಕ್ಷಿಸಿದ ಪ್ರತಿಯೊಂದು ಗಿಡದ ಒಣಮಾದರಿಯನ್ನು, ಯಲಹಂಕದ ಬಳಿಯ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದಲ್ಲಿರುವಂತಹ ಸಸ್ಯಸಂಗ್ರಹದಲ್ಲಿ ಕಾಪಿಡತಕ್ಕದ್ದು. ವಿಫಲವಾದ ಪ್ರಯೋಗಗಳನ್ನೂ ಪ್ರಕಟಿಸತಕ್ಕದ್ದು. ಬದುವಿನಲ್ಲಿ ಬಾಗಿ ಗಿಡ ಗುರುತಿಸಿಕೊಟ್ಟ ಅಜ್ಜಿಯ ಹಟ್ಟಿಗೆ ಮರಳಿಹೋಗಿ, ಪರೀಕ್ಷೆಯಲ್ಲಿ ಕಂಡದ್ದೇನು, ಕಾಣದ್ದೇನು ಎಂಬುದನ್ನು ಕನ್ನಡದಲ್ಲಿ ಆಕೆಗೆ ತಿಳಿಸಬೇಕು. ಕಣ್ಣು ಹಳದಿಯಾದವರನ್ನು ಮೊದಲು ರಕ್ತಪರೀಕ್ಷೆಗೆ ಕಳುಹಿಸಿರೆಂದು ಆಕೆಯಲ್ಲಿ ಬೇಡಿಕೊಳ್ಳಲೂ ಬೇಕು.