ಬ್ಯಾಂಕಿನ ಇಂಗ್ಲೀಷು ಮಾತುಗಳೂ ಹಿಡುವಳಿದಾರರೂ

ಎತ್ತನ್ನು ಕೊಳ್ಳುವ ರೈತನು ಅದರ ಹಲ್ಲನ್ನೂ ಸುಳಿಯನ್ನೂ ನೋಡದೆ ಹಣವನ್ನು ಎಣಿಸುವುದಿಲ್ಲ. ಬಿತ್ತನೆ ಬೀಜದ ತಳಿಯನ್ನು ವಿಚಾರಿಸದೆ ಚೀಲವನ್ನು ಬಿಚ್ಚುವುದಿಲ್ಲ. ಇಷ್ಟು ಎಚ್ಚರಿಕೆಯುಳ್ಳವನೇ ಬ್ಯಾಂಕಿನ ಸಾಲಪತ್ರವು ಮುಂದೆ ಬಂದಾಗ, ಗುಮಾಸ್ತರು ಬೆರಳಿಟ್ಟು ತೋರಿಸಿದ ಹತ್ತಾರು ಕಡೆಗಳಲ್ಲಿ ಮರುಮಾತಿಲ್ಲದೆ ರುಜು ಮಾಡಿ ಎದ್ದು ಬರುವುದು ಸಾಮಾನ್ಯವಾಗಿದೆ. ಪತ್ರವು ಇಂಗ್ಲೀಷಿನಲ್ಲಿದೆ, ತನಗೆ ಆ ಭಾಷೆ ಬಾರದು, ಆದುದರಿಂದ ಕೇಳಿ ಫಲವಿಲ್ಲ ಎಂಬುದೇ ಅವನು ಹೇಳುವ ಕಾರಣ. ಈ ಕಾರಣವು ನಿಲ್ಲತಕ್ಕದ್ದಲ್ಲ. ಸಾಲದ ವ್ಯವಹಾರಕ್ಕೆ ಬೇಕಾದುದು ಇಂಗ್ಲೀಷು ಭಾಷೆಯಲ್ಲ. ಇಪ್ಪತ್ತು ಇಪ್ಪತ್ತೈದು ಇಂಗ್ಲೀಷು ಮಾತುಗಳು ಮಾತ್ರ. ಅವುಗಳ ಅರ್ಥವನ್ನು ತಿಳಿಯುವುದು ಹಿಡುವಳಿದಾರರಿಗೆ ಅವಶ್ಯಕವು. ಗ್ರಾಮದ ಮುಖಂಡರಿಗಂತೂ ಅದು ಕರ್ತವ್ಯವೇ ಸರಿ.

ಪರಭಾಷೆಯ ಮಾತುಗಳನ್ನು ಕಲಿಯುವುದು ಈ ನಾಡಿನ ಗ್ರಾಮಸ್ಥರಿಗೆ ಹೊಸದೇನೂ ಅಲ್ಲ. ಜಮೀನು, ರೈತ, ಜಾಮೀನು, ಬಾಕಿ, ವಸೂಲಿ, ರಸೀದಿ, ಜಮಾಬಂದಿ ಇವೆಲ್ಲವೂ ಪಾರಸಿ ಅರಬ್ಬಿ ಭಾಷೆಗಳಿಂದ ಬಂದವು. ಕಂದಾಯದ ಕಚೇರಿಗಳಲ್ಲಿ ಲೆಕ್ಕವು ಈ ಮಾತುಗಳಲ್ಲಿ ನಡೆಯುತ್ತಿದ್ದುದರಿಂದ ಹಿಂದಿನವರು ಅವುಗಳನ್ನು ಗ್ರಹಿಸಿದರು. ಪಾರಸಿಯ ಒಂದಕ್ಷರವನ್ನೂ ಓದಲಾರದವರು ಸಹ ಬಾಕಿಯೆಂದರೇನು, ಜಾಮೀನೆಂದರೇನು ಎಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇಂಗ್ಲೀಷಿನ ಮಾತುಗಳೂ ಹೀಗೆಯೇ ಒಳಹೊಕ್ಕಿವೆ. ಉಡುಪಿಯಲ್ಲಿ ೧೯೨೫ರಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಆ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೋದರೂ ಪಿಗ್ಮಿಯೆಂಬ ಮಾತು ಸಂತೆಯ ವ್ಯಾಪಾರಿಗಳ ಬಾಯಲ್ಲಿ ಉಳಿದಿದೆ. ಅರ್ಥವು ಹಿತಕರವಾಗಿದ್ದ ಮಾತನ್ನು ಜನರು ಬೇಗನೆ ಕಲಿತರು. ಹೊಣೆಯನ್ನು ಹೊರಿಸುವ ಮಾತುಗಳನ್ನು ಮಾತ್ರ ಕಲಿಯದೆ ಬಿಟ್ಟಿದ್ದಾರೆ.

ಒಂದೇ ಮಾತು ಎರಡು ಕಡೆ ಎರಡು ಅರ್ಥಗಳನ್ನು ಕೊಡುವುದು ಮೊದಲನೆಯ ತೊಡಕು. ಉಳಿತಾಯದ ಪಾಸ್‌ಪುಸ್ತಕದಲ್ಲಿ ಕ್ರೆಡಿಟ್ ಎಂದರೆ ಖಾತೆಗೆ ಜಮಾ ಆದ ಹಣ. ಡೆಬಿಟ್ ಎಂದರೆ ಖಾತೆಯಿಂದ ಹೋದ ಹಣ. ಆದರೆ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಕ್ರೆಡಿಟ್ ಎಂದರೆ ಪತ್ತು, ಅಂದರೆ ಸಾಲ. ೧೯೯೮ರಲ್ಲಿ ಈ ಕಾರ್ಡು ಜಾರಿಗೆ ಬಂದಂದಿನಿಂದ ಇದನ್ನು ಸರ್ಕಾರದ ಉಡುಗೊರೆಯೆಂದು ತಿಳಿದವರೂ ಉಂಟು. ಬ್ಯಾಲೆನ್ಸ್ ಎಂಬ ಮಾತೂ ಹಾಗೆಯೇ. ಉಳಿತಾಯದ ಖಾತೆಯಲ್ಲಿ ಅದು ಖಾತೆದಾರನಿಗೆ ಸೇರತಕ್ಕ ಹಣ; ಸಾಲದ ಖಾತೆಯಲ್ಲಿ ಅವನು ತೆರತಕ್ಕ ಹಣ. ದೂರವಾಣಿಗೆ ಬರುವ ಚಿಕ್ಕ ಸಂದೇಶದಲ್ಲಿ ಈ ಮಾತುಗಳು ಕಂಡಾಗ ಯಾವ ಖಾತೆಯ ಸಂಗತಿಯೆಂಬುದನ್ನು ಮೊದಲು ನೋಡಬೇಕು.

ಬಡ್ಡಿಯ ವಿಷಯದಲ್ಲಿ ಮಾತಿನ ಅಜ್ಞಾನವು ನೇರವಾಗಿ ಹಣದ ನಷ್ಟವಾಗುತ್ತದೆ. ಒಂದು ಲಕ್ಷ ರೂಪಾಯಿಗಳನ್ನು ಶೇಕಡಾ ೧೨ರ ಬಡ್ಡಿಗೆ ಮೂರು ವರ್ಷಗಳ ಮಾಸಿಕ ಕಂತುಗಳ ಮೇಲೆ ಪಡೆದನೆಂದು ಭಾವಿಸೋಣ. ದರವು ಫ್ಲಾಟ್ ಆಗಿದ್ದರೆ ಅಸಲು ತೀರುತ್ತ ಬಂದರೂ ಬಡ್ಡಿಯು ಮೊದಲಿನ ಲಕ್ಷದ ಮೇಲೆಯೇ ನಡೆದು ಒಟ್ಟು ೩೬,೦೦೦ ರೂಪಾಯಿಗಳಾಗುತ್ತದೆ. ದರವು ರೆಡ್ಯೂಸಿಂಗ್ ಆಗಿದ್ದರೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಬಿದ್ದು ಒಟ್ಟು ಸುಮಾರು ೧೯,೬೦೦ ರೂಪಾಯಿಗಳಾಗುತ್ತದೆ. ಶೇಕಡಾ ೧೨ ಎಂಬುದು ಎರಡರಲ್ಲಿಯೂ ಒಂದೇ. ಒಂದು ಮಾತಿನ ವ್ಯತ್ಯಾಸದಿಂದ ಹದಿನಾರು ಸಾವಿರಕ್ಕೂ ಮಿಗಿಲಾದ ಹಣವು ಹೋಗುತ್ತದೆ. ಸಬ್ವೆನ್ಷನ್ ಎಂಬುದು ಮತ್ತೊಂದು ಮಾತು. ಸರ್ಕಾರವು ಬಡ್ಡಿಯ ಒಂದಂಶವನ್ನು ತಾನು ಹೊರುವುದೆಂದು ಇದರ ಅರ್ಥ. ೨೦೨೫-೨೬ನೆಯ ಸಾಲಿಗೂ ಮುಂದುವರಿದ ಕೇಂದ್ರ ಸರ್ಕಾರದ ಏರ್ಪಾಡಿನಂತೆ ಮೂರು ಲಕ್ಷ ರೂಪಾಯಿಗಳವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಶೇಕಡಾ ೭. ವಾಯಿದೆಯೊಳಗೆ ತೀರಿಸಿದವರಿಗೆ ೩ ಬಿಟ್ಟು ೪ ಮಾತ್ರ. ಡ್ಯೂ ಡೇಟ್ ಎಂಬ ಮಾತಿನ ಮುಂದೆ ಇರುವ ದಿನಾಂಕವನ್ನು ಗಮನಿಸದೆ ಮೈಮರೆತವನು, ಮೂರು ಲಕ್ಷದ ಸಾಲಕ್ಕೆ ವರ್ಷಕ್ಕೆ ೯,೦೦೦ ರೂಪಾಯಿಗಳ ರಿಯಾಯಿತಿಯನ್ನು ಕಳೆದುಕೊಳ್ಳುತ್ತಾನೆ.

ಆಧಾರದ ಮಾತುಗಳು ಇನ್ನೂ ಮುಖ್ಯವಾದವು. ಪ್ಲೆಡ್ಜ್ ಎಂದರೆ ಗಿರವಿ. ಒಡವೆಯು ಬ್ಯಾಂಕಿನ ವಶದಲ್ಲಿರುತ್ತದೆ. ಮಾರ್ಟ್‌ಗೇಜ್ ಎಂದರೆ ಭೂಮಿಯ ಅಥವಾ ಮನೆಯ ಅಡಮಾನ. ಈ ಎರಡನ್ನೂ ಹಳ್ಳಿಯವರು ಬಲ್ಲರು. ಹೈಪಾಥಿಕೇಷನ್ ಎಂಬುದು ಮಾತ್ರ ಅಪರಿಚಿತವಾದುದು. ಇದರಲ್ಲಿ ಬೆಳೆಯಾಗಲಿ, ಹಸುವಾಗಲಿ, ಟ್ರ್ಯಾಕ್ಟರಾಗಲಿ ಸಾಲಗಾರನ ವಶದಲ್ಲಿಯೇ ಇರುತ್ತದೆ. ಆದರೂ ಅದರ ಮೇಲೆ ಬ್ಯಾಂಕಿನ ಹಕ್ಕು ಇರುತ್ತದೆ. ವಸ್ತುವು ತನ್ನ ಕೊಟ್ಟಿಗೆಯಲ್ಲಿದೆಯೆಂದು ಬ್ಯಾಂಕಿಗೆ ತಿಳಿಸದೆ ಮಾರಿದವನು ತೊಂದರೆಗೆ ಒಳಗಾಗುತ್ತಾನೆ. ಕೊಲ್ಯಾಟರಲ್ ಎಂದರೆ ಇವುಗಳ ಜೊತೆಗೆ ಕೇಳುವ ಹೆಚ್ಚಿನ ಆಧಾರ. ೨೦೨೫ರ ಜನವರಿ ೧ರಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ಒಬ್ಬ ಸಾಲಗಾರನ ೨ ಲಕ್ಷ ರೂಪಾಯಿಗಳವರೆಗಿನ ವ್ಯವಸಾಯ ಸಾಲಕ್ಕೆ ಇದನ್ನು ಕೇಳತಕ್ಕದ್ದಲ್ಲ. ಮಾತೇ ತಿಳಿಯದವನು ಈ ಸೌಲಭ್ಯವನ್ನು ಕೇಳಿ ಪಡೆಯುವುದು ಹೇಗೆ?

ಗ್ರಾಮದ ಮುಖಂಡರು ಎಲ್ಲಕ್ಕಿಂತಲೂ ಹೆಚ್ಚಾಗಿ ತಿಳಿಯಬೇಕಾದ ಮಾತು ಗ್ಯಾರಂಟರ್ ಎಂಬುದು. ಊರಿನವನೊಬ್ಬನು ಸಾಲಕ್ಕೆ ಹೋದಾಗ ಗೌಡರೂ ಹಿರಿಯರೂ ಜೊತೆಗೆ ಹೋಗಿ ರುಜು ಹಾಕುವುದು ಹಿಂದಿನಿಂದ ಬಂದ ಮರ್ಯಾದೆ. ಅನೇಕರು ಅದನ್ನು ಕೇವಲ ಸಾಕ್ಷಿಯೆಂದು ಭಾವಿಸುತ್ತಾರೆ. ಸಾಕ್ಷಿಗೆ ಇಂಗ್ಲೀಷಿನಲ್ಲಿ ವಿಟ್‌ನೆಸ್ ಎಂಬ ಬೇರೆ ಮಾತಿದೆ. ಗ್ಯಾರಂಟರ್, ಶೂರಿಟಿ, ಕೋ-ಆಬ್ಲಿಗಂಟ್ ಎಂಬ ಮಾತುಗಳ ಕೆಳಗೆ ರುಜು ಮಾಡಿದವನು ಸಾಲಕ್ಕೆ ಹೊಣೆಗಾರನು. ೧೮೭೨ರ ಭಾರತೀಯ ಕರಾರು ಶಾಸನದ ೧೨೮ನೆಯ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ವಿಧವಾಗಿ ಹೇಳದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಗೆ ಸಮಾನವಾದುದು. ಮೊದಲು ಸಾಲಗಾರನ ಆಸ್ತಿಯನ್ನು ಮಾರಿ, ಬಾರದೆ ಉಳಿದುದನ್ನು ಮಾತ್ರ ಜಾಮೀನುದಾರನಿಂದ ಕೇಳಬೇಕೆಂಬ ನಿರ್ಬಂಧವು ಬ್ಯಾಂಕಿಗೆ ಇಲ್ಲ. ದಾಕ್ಷಿಣ್ಯಕ್ಕೆ ಹಾಕಿದ ಒಂದು ರುಜುವಿನಿಂದ ತನ್ನ ಮಕ್ಕಳ ಭೂಮಿಗೆ ನೋಟೀಸು ಬರುವ ಸಂಭವವುಂಟು. ಜಾಮೀನು ನಿಲ್ಲಬಾರದೆಂದು ಇದರ ಅರ್ಥವಲ್ಲ. ತಿಳಿದು ನಿಲ್ಲಬೇಕು ಎಂಬುದಿಷ್ಟೆ.

ಸಾಲ ತೀರದೆ ಉಳಿದಾಗ ಬಳಸುವ ಮಾತುಗಳೂ ಇವೆ. ವೇವರ್ ಎಂದರೆ ಮನ್ನಾ. ಸಾಲವು ಅಷ್ಟರ ಮಟ್ಟಿಗೆ ಹೋಯಿತು. ರೈಟ್ ಆಫ್ ಎಂದರೆ ಬ್ಯಾಂಕು ತನ್ನ ಲೆಕ್ಕದಲ್ಲಿ ಮಾಡಿಕೊಂಡ ಹೊಂದಾಣಿಕೆ ಮಾತ್ರ. ಸಾಲಗಾರನ ಋಣವು ಹಾಗೆಯೇ ಉಳಿದಿರುತ್ತದೆ. ಎನ್.ಪಿ.ಎ. ಎಂದರೆ ವಸೂಲಾಗದೆ ನಿಂತ ಸಾಲ. ಅಲ್ಪಾವಧಿ ಬೆಳೆಗಳ ಸಾಲವು ವಾಯಿದೆ ಮೀರಿ ಎರಡು ಬೆಳೆಗಾಲ, ದೀರ್ಘಾವಧಿ ಬೆಳೆಗಳದು ಒಂದು ಬೆಳೆಗಾಲ ಬಾಕಿ ನಿಂತರೆ ಈ ಹೆಸರನ್ನು ಪಡೆಯುತ್ತದೆ. ಮುಂದೆ ಹೊಸ ಸಾಲ ಹುಟ್ಟುವುದು ಕಷ್ಟ. ನಾಮಿನಿ ಎಂದರೆ ಖಾತೆದಾರನ ಕಾಲಾನಂತರ ಹಣವನ್ನು ಬ್ಯಾಂಕಿನಿಂದ ಸ್ವೀಕರಿಸತಕ್ಕವನು. ಅಷ್ಟರಿಂದಲೇ ಅವನು ಆ ಹಣದ ಒಡೆಯನಾಗುವುದಿಲ್ಲ, ವಾರಸುದಾರರ ಹಕ್ಕು ಉಳಿಯುತ್ತದೆಂದು ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಈ ಒಂದು ಮಾತನ್ನು ತಿಳಿಯದೆ ಅಣ್ಣತಮ್ಮಂದಿರು ವ್ಯಾಜ್ಯಕ್ಕೆ ಇಳಿಯುವ ಸಂಭವವುಂಟು.

ರೈತನು ಇಂಗ್ಲೀಷನ್ನು ಏತಕ್ಕೆ ಕಲಿಯಬೇಕು, ಬ್ಯಾಂಕಿನವರೇ ಕನ್ನಡದಲ್ಲಿ ಬರೆಯಲಿ ಎಂಬ ಆಕ್ಷೇಪವು ನ್ಯಾಯವಾದುದೇ. ೨೦೨೪ರ ಅಕ್ಟೋಬರ್ ೧ರಿಂದ ಮಂಜೂರಾದ ಚಿಲ್ಲರೆ ಅವಧಿ ಸಾಲಗಳಿಗೆ ಮುಖ್ಯ ಸಂಗತಿಗಳ ವಿವರಪತ್ರವೊಂದನ್ನು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟು ವಿವರಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಬಡ್ಡಿಯನ್ನೂ ಇತರ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವು ಅದರಲ್ಲಿರುತ್ತದೆ. ಇದನ್ನು ಹಕ್ಕೆಂದು ತಿಳಿದು ಕೇಳಿ ಪಡೆಯಬೇಕು. ಆದರೆ ಪತ್ರವು ಕನ್ನಡಕ್ಕೆ ಬಂದ ಮಾತ್ರಕ್ಕೆ ಅರ್ಥವು ತಾನಾಗಿ ಬರುವುದಿಲ್ಲ. ಹೈಪಾಥಿಕೇಷನ್ ಎಂಬುದಕ್ಕೆ ಬದಲಾಗಿ ಕಠಿಣವಾದ ಸಂಸ್ಕೃತ ಪದವೊಂದನ್ನು ಅಚ್ಚು ಹಾಕಿದರೆ ಕತ್ತಲೆಯು ಬೇರೊಂದು ಬಣ್ಣವನ್ನು ತಾಳಿತೆಂದಷ್ಟೇ ಆಯಿತು. ಮಾತು ಯಾವ ಭಾಷೆಯದಾದರೂ ಅದರ ಹಿಂದಿರುವ ಹೊಣೆಯನ್ನು ತಿಳಿಯಬೇಕು.

ಈ ಕಾರ್ಯವನ್ನು ಮೊದಲು ಮಾಡತಕ್ಕವರು ಗ್ರಾಮದ ಮುಖಂಡರು. ೧೯೦೪ರ ಸಹಕಾರ ಶಾಸನವು ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಸಂಘವನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು, ಹೊಸ ಶಾಸನದಲ್ಲಿದ್ದುದನ್ನು ಊರಿನವರ ಉಪಯೋಗಕ್ಕೆ ತಂದ ಗ್ರಾಮಪ್ರಮುಖರೇ ಆಗಿದ್ದರು. ಇಂದು ಬೇಕಾದುದು ಅದಕ್ಕಿಂತ ಬಹಳ ಸುಲಭವಾದ ಕೆಲಸ. ಸಹಕಾರಿ ಸಂಘದ ಸಭೆಯಲ್ಲಿ ಶಾಖೆಯ ಅಧಿಕಾರಿಯನ್ನು ಕರೆಯಿಸಿ ಈ ಮಾತುಗಳನ್ನು ಒಂದೊಂದಾಗಿ ಹೇಳಿಸುವುದು. ಊರಿನ ಓದುವ ಹುಡುಗರಿಂದ ಅವುಗಳನ್ನು ಕನ್ನಡದ ಅಕ್ಷರಗಳಲ್ಲಿ ಅರ್ಥಸಹಿತವಾಗಿ ಬರೆಯಿಸಿ ಸಂಘದ ಗೋಡೆಗೆ ಹಾಕಿಸುವುದು. ತಾವು ರುಜು ಮಾಡುವುದಕ್ಕೆ ಮುಂಚೆ ಎಷ್ಟು ಹಣ, ಎಂದಿನೊಳಗೆ, ಯಾವುದರ ಆಧಾರದ ಮೇಲೆ ಎಂಬ ಮೂರು ಪ್ರಶ್ನೆಗಳನ್ನು ಎಲ್ಲರೆದುರಿಗೆ ಕೇಳುವುದು. ಗೌಡರೇ ಕೇಳಿದ ಮೇಲೆ ಬಡ ರೈತನಿಗೂ ಕೇಳಲು ಧೈರ್ಯ ಬರುತ್ತದೆ. ಕೇಳಿದವನ ಗೌರವಕ್ಕೆ ಇದರಿಂದ ಕುಂದಿಲ್ಲ. ಕೇಳದೆ ಹಾಕಿದ ರುಜುವಿನಿಂದ ಭೂಮಿಗೆ ಕುಂದು ಬರಬಹುದು.