ಬೀದಿಯ ಕಣ್ಣು ಯಾರ ಕೈಯಲ್ಲಿದೆ?

ಹೆಣ್ಣಿನ ಮೇಲೆ ನಡೆದ ಘೋರ ದೌರ್ಜನ್ಯವೊಂದು ಸುದ್ದಿಯಾಗಿ ಜನ ಬೀದಿಗಿಳಿದಾಗಲೆಲ್ಲ ಆಳುವವರ ಬಾಯಿಂದ ಮೊದಲು ಹೊರಡುವ ಭರವಸೆ ಒಂದೇ: ಇನ್ನಷ್ಟು ಸಿಸಿಟಿವಿ ಕ್ಯಾಮರಾ ಹಾಕಿಸುತ್ತೇವೆ. 2012ರ ದೆಹಲಿ ಘಟನೆಯ ನಂತರ, 2013ರಲ್ಲಿ ನಿರ್ಭಯಾ ನಿಧಿ ಸ್ಥಾಪನೆಯಾಯಿತು. ಅದರ ಹಣದಿಂದ ಬೆಂಗಳೂರೂ ಸೇರಿ ಎಂಟು ಮಹಾನಗರಗಳಿಗೆ ‘ಸೇಫ್ ಸಿಟಿ’ ಯೋಜನೆ ಬಂತು. ಬೆಂಗಳೂರಿಗೆ 667 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. ಸಾವಿರಾರು ಕ್ಯಾಮರಾಗಳೂ ಅವನ್ನು ನೋಡುವ ಕಮಾಂಡ್ ಸೆಂಟರೂ ಅದರಲ್ಲಿ ಸೇರಿವೆ. ಇದು ನಮ್ಮ ಹೆಸರು ಹೇಳಿ ತೆಗೆದಿಟ್ಟ ಹಣ. ಆದರೆ ಆ ಕ್ಯಾಮರಾಗಳ ಹಿಂದೆ ಕುಳಿತು ನೋಡುವವರು ಯಾರು, ನೋಡಿದ್ದನ್ನು ಏನು ಮಾಡುತ್ತಾರೆ, ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಯಾರೂ ನಮಗೆ ಹೇಳಲಿಲ್ಲ.

ಕುಟುಂಬ ಹಿಂಸೆಗೆ ಒಳಗಾದ ಹೆಣ್ಣುಮಕ್ಕಳ ಜೊತೆ ಠಾಣೆ, ಕೋರ್ಟು, ಆಸ್ಪತ್ರೆ ಅಲೆಯುವ ಕೆಲಸ ನನ್ನದು. ಹಾಗಾಗಿ ಈ ಪ್ರಶ್ನೆಗಳು ನನಗೆ ದೂರದವಲ್ಲ. ಇವಕ್ಕೆ ಉತ್ತರ ಹುಡುಕುವಾಗ ಇಂಗ್ಲೆಂಡಿನ ಅನುಭವವನ್ನು ನೋಡಲೇಬೇಕು. ಪೇಟೆಬೀದಿಗಳಿಗೆ ಕ್ಯಾಮರಾ ಹಾಕಿ ಸ್ಥಳೀಯ ಕೌನ್ಸಿಲೇ ಅದನ್ನು ನಡೆಸುವ ಪದ್ಧತಿ ಅಲ್ಲಿ ಶುರುವಾಗಿ ನಲವತ್ತು ವರ್ಷವಾಯಿತು. ಕೌನ್ಸಿಲ್ ಎಂದರೆ ನಮ್ಮ ನಗರಸಭೆಯ ಹಾಗೆ ಜನರಿಂದ ಆಯ್ಕೆಯಾದ ಸಂಸ್ಥೆ.

1985ರಲ್ಲಿ ಬೋರ್ನ್‌ಮತ್ ಎಂಬ ಕಡಲತೀರದ ಊರಿನಿಂದ ಇದು ಆರಂಭವಾಯಿತು. 1993ರಲ್ಲಿ ಲಿವರ್‌ಪೂಲ್ ಪಕ್ಕದ ಬೂಟ್ಲ್ ಪಟ್ಟಣದ ಮಳಿಗೆ ಸಂಕೀರ್ಣದಿಂದ ಎರಡು ವರ್ಷದ ಮಗುವನ್ನು ಹತ್ತು ವರ್ಷದ ಇಬ್ಬರು ಹುಡುಗರು ಕರೆದೊಯ್ದು ಕೊಂದರು. ಕರೆದೊಯ್ಯುವ ದೃಶ್ಯ ಸಂಕೀರ್ಣದ ಕ್ಯಾಮರಾದಲ್ಲಿ ದಾಖಲಾಗಿತ್ತು. ಟಿವಿಯಲ್ಲಿ ಅದನ್ನು ಮತ್ತೆ ಮತ್ತೆ ಕಂಡ ಜನ ತಮ್ಮೂರಿಗೂ ಕ್ಯಾಮರಾ ಬೇಕೆಂದರು. ಆ ಕ್ಯಾಮರಾ ಮಗುವನ್ನು ಉಳಿಸಿರಲಿಲ್ಲ ಎಂಬುದು ಆ ದುಃಖದಲ್ಲಿ ಯಾರಿಗೂ ಹೊಳೆಯಲಿಲ್ಲ. ಮರುವರ್ಷ, 1994ರಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಕ್ಯಾಮರಾ ನಡೆಸುವ ಅಧಿಕಾರವನ್ನು ಕಾನೂನು ಕೌನ್ಸಿಲ್‌ಗಳಿಗೆ ಸ್ಪಷ್ಟವಾಗಿ ಕೊಟ್ಟಿತು. 1996ರಿಂದ 1998ರವರೆಗೆ ಅಲ್ಲಿನ ಗೃಹ ಇಲಾಖೆ ಅಪರಾಧ ತಡೆಗೆ ಮಾಡಿದ ವೆಚ್ಚದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕ್ಯಾಮರಾಗಳಿಗೇ ಹೋಯಿತು. 1999ರ ನಂತರದ ಕೆಲವೇ ವರ್ಷಗಳಲ್ಲಿ ಇನ್ನೂ 17 ಕೋಟಿ ಪೌಂಡ್ ಬಂತು.

ಕೌನ್ಸಿಲ್ ಇದನ್ನು ನಡೆಸುವ ಬಗೆ ಹೀಗೆ. ಊರಿನ ಒಂದು ಕಟ್ಟಡದಲ್ಲಿ ಕಂಟ್ರೋಲ್ ರೂಮು. ಅಲ್ಲಿ ಸಾಲು ಸಾಲು ಪರದೆಗಳ ಮುಂದೆ ನೌಕರರು ಪಾಳಿಯಲ್ಲಿ ಕೂರುತ್ತಾರೆ. ಕ್ಯಾಮರಾವನ್ನು ಯಾವ ಕಡೆಗಾದರೂ ತಿರುಗಿಸಬಹುದು, ದೂರದ ಮುಖವನ್ನು ಹತ್ತಿರಕ್ಕೆ ತರಬಹುದು. ಅಂಗಡಿಯವರ ಜೊತೆ, ಪಬ್ಬುಗಳ ಜೊತೆ, ಪೊಲೀಸರ ಜೊತೆ ರೇಡಿಯೊ ಸಂಪರ್ಕ ಇರುತ್ತದೆ. ಸಾಮಾನ್ಯವಾಗಿ ಒಂದು ತಿಂಗಳು ಚಿತ್ರಗಳನ್ನು ಇಟ್ಟುಕೊಂಡು, ಯಾರೂ ಕೇಳದಿದ್ದರೆ ಅಳಿಸುತ್ತಾರೆ. ಕ್ಯಾಮರಾ ಇದೆಯೆಂದೂ ಅದನ್ನು ನಡೆಸುವವರು ಇಂಥವರೆಂದೂ ಬೀದಿಯಲ್ಲಿ ಫಲಕ ಹಾಕಬೇಕು. ತನ್ನ ಚಿತ್ರ ಸೆರೆಯಾಗಿದ್ದರೆ ಅದರ ಪ್ರತಿಯನ್ನು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಉಂಟು. ಸಾಮಾನ್ಯವಾಗಿ ತಿಂಗಳೊಳಗೆ ಕೌನ್ಸಿಲ್ ಉತ್ತರಿಸಬೇಕು. ಒಬ್ಬ ವ್ಯಕ್ತಿಯನ್ನೇ ಗುರಿಯಾಗಿಸಿ ಗುಟ್ಟಾಗಿ ಹಿಂಬಾಲಿಸಲು 2000ದ ಕಾನೂನಿನಡಿ ಬೇರೆ ಅನುಮತಿ ಬೇಕು. 2013ರಲ್ಲಿ ಬಂದ ಸಂಹಿತೆ 12 ತತ್ವಗಳನ್ನು ಹಾಕಿಕೊಟ್ಟಿತು. ಕ್ಯಾಮರಾ ಯಾತಕ್ಕೆಂದು ಮೊದಲೇ ಹೇಳಬೇಕು, ಅದು ಇನ್ನೂ ಬೇಕೇ ಎಂದು ಆಗಾಗ ಪರಿಶೀಲಿಸಬೇಕು ಎಂಬುವು ಅವುಗಳಲ್ಲಿ ಸೇರಿವೆ.

ಕಾಗದದ ಮೇಲೆ ಇವೆಲ್ಲ ಚೆನ್ನಾಗಿವೆ. ಆದರೆ ಈ ನಿಯಮಗಳು ತಾವಾಗಿ ಬರಲಿಲ್ಲ. 1995ರ ಆಗಸ್ಟ್‌ನಲ್ಲಿ ಎಸೆಕ್ಸ್ ಪ್ರಾಂತ್ಯದ ಬ್ರೆಂಟ್‌ವುಡ್ ಪೇಟೆಯಲ್ಲಿ ಒಬ್ಬ ವ್ಯಕ್ತಿ ರಾತ್ರಿ ಅಡುಗೆ ಚಾಕುವಿನಿಂದ ತನ್ನ ಜೀವ ತೆಗೆದುಕೊಳ್ಳಲು ಹೋದ. ಕ್ಯಾಮರಾ ನೋಡುತ್ತಿದ್ದ ನೌಕರರು ಪೊಲೀಸರಿಗೆ ತಿಳಿಸಿದರು, ಆತ ಉಳಿದ. ಇದು ಕ್ಯಾಮರಾ ಮಾಡಿದ ನಿಜವಾದ ಉಪಕಾರ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ಕ್ಯಾಮರಾ ವ್ಯವಸ್ಥೆಯ ಹಿರಿಮೆ ಸಾರಲು ಕೌನ್ಸಿಲ್ ಆತನ ಚಿತ್ರಗಳನ್ನು ಪತ್ರಿಕೆಗಳಿಗೂ ಟಿವಿಗೂ ಕೊಟ್ಟಿತು. ಅಕ್ಕಪಕ್ಕದವರು, ನೆಂಟರು ಆತನನ್ನು ಗುರುತಿಸಿದರು. ಇಂಗ್ಲೆಂಡಿನ ಕೋರ್ಟಿನಲ್ಲಿ ಆತನಿಗೆ ನ್ಯಾಯ ಸಿಗಲಿಲ್ಲ. ಕೊನೆಗೆ 2003ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಬೀದಿಯಲ್ಲಿದ್ದರೂ ಮನುಷ್ಯನಿಗೆ ಖಾಸಗಿ ಬದುಕಿನ ಹಕ್ಕು ಇದ್ದೇ ಇದೆ ಎಂದು ತೀರ್ಪು ನೀಡಿತು. ಇದನ್ನು ಓದಿದಾಗ ನನಗೆ ನೆನಪಾಗುವುದು ನಮ್ಮ ಹೆಣ್ಣುಮಕ್ಕಳು. ಬಸ್‌ಸ್ಟ್ಯಾಂಡಿನಲ್ಲಿ ಗಂಡನಿಂದ ಹೊಡೆಸಿಕೊಂಡವಳ ಚಿತ್ರ ಇಲ್ಲಿ ಸಂಜೆಯೊಳಗೆ ಟಿವಿ ಚಾನಲ್ಲಿಗೂ ಪ್ರತಿಯೊಬ್ಬರ ಮೊಬೈಲಿಗೂ ತಲುಪುತ್ತದೆ. ಅದನ್ನು ಹೊರಬಿಟ್ಟವರು ಯಾರೆಂದು ಕೇಳುವವರೇ ಇಲ್ಲ.

ಇನ್ನೊಂದು ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಆ ಮಗು ಕಾಣೆಯಾದ ಬೂಟ್ಲ್ ಪಟ್ಟಣ ಸೆಫ್ಟನ್ ಕೌನ್ಸಿಲ್‌ಗೆ ಸೇರಿದೆ. ಅದೇ ಕೌನ್ಸಿಲ್‌ನ ಕ್ಯಾಮರಾ ನೌಕರರು 2004ರಲ್ಲಿ ಬೀದಿಯ ಕ್ಯಾಮರಾವನ್ನು ಒಬ್ಬ ಹೆಣ್ಣುಮಗಳ ಮನೆಯ ಕಿಟಕಿಗೆ ತಿರುಗಿಸಿ, ಆಕೆ ಬಟ್ಟೆಯಿಲ್ಲದೆ ಇರುವುದನ್ನು ನೋಡಿದರು. 2006ರಲ್ಲಿ ಇಬ್ಬರಿಗೆ ಜೈಲಾಯಿತು: ಒಬ್ಬನಿಗೆ ನಾಲ್ಕು ತಿಂಗಳು, ಇನ್ನೊಬ್ಬನಿಗೆ ಎರಡು ತಿಂಗಳು. ಇದು ಎಲ್ಲೋ ಒಬ್ಬಿಬ್ಬರ ಕಿಡಿಗೇಡಿತನ ಎನ್ನುವಂತಿಲ್ಲ. ಕ್ಲೈವ್ ನಾರಿಸ್ ಮತ್ತು ಗ್ಯಾರಿ ಆರ್ಮ್‌ಸ್ಟ್ರಾಂಗ್ ಎಂಬ ಸಂಶೋಧಕರು ಕಂಟ್ರೋಲ್ ರೂಮುಗಳಲ್ಲೇ ಕುಳಿತು ಅಧ್ಯಯನ ಮಾಡಿ 1999ರಲ್ಲಿ ಪುಸ್ತಕ ಪ್ರಕಟಿಸಿದರು. ಗುರಿಯಿಟ್ಟು ನೋಡಲಾದ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬಳನ್ನು ನೋಡಿದ್ದು ಬರೀ ಗಂಡಸಿನ ಚಪಲಕ್ಕೆ ಎಂದು ಅವರು ಕಂಡುಕೊಂಡರು. ಬೀದಿಯಲ್ಲಿ ನಿಂತು ನಮ್ಮನ್ನು ದುರುಗುಟ್ಟುವ ಗಂಡಸಿನ ಕಣ್ಣಿಗೆ ಸರ್ಕಾರಿ ಸಂಬಳ ಕೊಟ್ಟು ಕೂರಿಸಿದರೆ ಅದು ರಕ್ಷಣೆಯೇ?

ಇಷ್ಟಾಗಿ, ಕ್ಯಾಮರಾಗಳಿಂದ ಅಪರಾಧ ಕಡಿಮೆಯಾಯಿತೇ? ಅಲ್ಲಿನ ಗೃಹ ಇಲಾಖೆಯೇ ಮಾಡಿಸಿ 2005ರಲ್ಲಿ ಹೊರತಂದ ಅಧ್ಯಯನ 13 ವ್ಯವಸ್ಥೆಗಳನ್ನು ಪರಿಶೀಲಿಸಿತು. ಅಂಕಿ-ಅಂಶದ ಲೆಕ್ಕಕ್ಕೆ ನಿಲ್ಲುವಂತೆ ಅಪರಾಧ ಇಳಿದದ್ದು ಎರಡರಲ್ಲಿ ಮಾತ್ರ. ಅದರಲ್ಲೂ ಒಂದರ ಇಳಿಕೆಗೆ ಬೇರೆ ಕಾರಣಗಳೂ ಇರಬಹುದಿತ್ತು. ಕ್ಯಾಮರಾ ಚೆನ್ನಾಗಿ ಕೆಲಸ ಮಾಡಿದ ಒಂದು ಜಾಗವನ್ನು ಹಲವು ಅಧ್ಯಯನಗಳು ಒಪ್ಪುತ್ತವೆ: ಕಾರು ನಿಲ್ದಾಣ. ಅಂದರೆ ಕ್ಯಾಮರಾ ಕಾರುಗಳನ್ನು ಕಾಯಿತು. ಕಾಯಲಿ, ಬೇಡವೆನ್ನುವುದಿಲ್ಲ. ಆದರೆ ಕಾರು ಕಾಯುವ ಯಂತ್ರವನ್ನು ಹೆಣ್ಣಿನ ಹೆಸರಿನಲ್ಲಿ ಮಾರುವುದು ಬೇಡ.

ನನ್ನನ್ನು ಹೆಚ್ಚು ಕಾಡಿದ್ದು ಎರಡು ವರ್ಷಗಳ ನಡುವಿನ ಅಂತರ. ಕ್ಯಾಮರಾ ನಡೆಸುವ ಅಧಿಕಾರ ಕೌನ್ಸಿಲ್‌ಗೆ ಬಂದದ್ದು 1994ರಲ್ಲಿ. ಮನೆಯೊಳಗಿನ ಹಿಂಸೆಯಿಂದ ಓಡಿಬಂದ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆಶ್ರಯಧಾಮಗಳಲ್ಲಿ ನೆರವು ಸಿಗುವಂತೆ ನೋಡಿಕೊಳ್ಳುವುದು ಇಂಗ್ಲೆಂಡಿನ ಕೌನ್ಸಿಲ್‌ಗಳ ಶಾಸನಬದ್ಧ ಕರ್ತವ್ಯವಾದದ್ದು 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಿಂದ. ನಡುವೆ 27 ವರ್ಷ. ಲಂಡನ್ನಿನ ಚಿಸ್ವಿಕ್‌ನಲ್ಲಿ ಹೆಂಗಸರು ತಾವೇ ಮೊದಲ ಆಶ್ರಯಧಾಮ ತೆರೆದದ್ದು 1971ರಲ್ಲಿ ಎಂಬುದನ್ನು ನೆನೆದರೆ ಕಾಯುವಿಕೆ ಅರ್ಧ ಶತಮಾನದ್ದು. ಬೀದಿಗೆ ಕಣ್ಣು ಹಾಕಲು ಹಣ ತಕ್ಷಣ ಸಿಗುತ್ತದೆ, ಮನೆಯಿಂದ ಹೊರಬಿದ್ದವಳಿಗೆ ಒಂದು ಹಾಸಿಗೆ ಹಾಕಲು ಹಣ ಸಿಗುವುದಿಲ್ಲ.

ನಮ್ಮಲ್ಲೂ ಲೆಕ್ಕ ಬೇರೆಯಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯ ಪ್ರಕಾರ ಮಹಿಳೆಯರ ಮೇಲಿನ ಅಪರಾಧಗಳಲ್ಲಿ ಅತಿ ದೊಡ್ಡ ಪಾಲು, ಶೇ. 31.4, ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ್ದು. ಅದೇ ವರ್ಷ ದೇಶದಲ್ಲಿ ವರದಕ್ಷಿಣೆ ಸಾವಿಗೀಡಾದವರು ಆರು ಸಾವಿರಕ್ಕೂ ಹೆಚ್ಚು. ಇವರಲ್ಲಿ ಬಹುತೇಕರು ಸತ್ತದ್ದು ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ, ಬಚ್ಚಲಲ್ಲಿ, ಹಿತ್ತಿಲ ಬಾವಿಯಲ್ಲಿ. ಅಲ್ಲಿ ಕ್ಯಾಮರಾ ಇಲ್ಲ. ಇರಬೇಕೆಂದು ನಾನು ಕೇಳುತ್ತಲೂ ಇಲ್ಲ. ಅಲ್ಲಿಗೆ ಹೋಗಬೇಕಾದವರು 2005ರ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಕರ್ನಾಟಕದಲ್ಲಿ ಆ ಹೊಣೆಯನ್ನು ಹೊತ್ತವರು ಅಂಗನವಾಡಿಗಳ ಉಸ್ತುವಾರಿಯ ಜೊತೆಗೇ ಇದನ್ನೂ ನೋಡಬೇಕಾದ ಸಿಡಿಪಿಒಗಳು. ತಾಲ್ಲೂಕಿನ ತುಂಬ ಓಡಾಡಲು ಜೀಪಿಲ್ಲ, ಬರೆಯಲು ಗುಮಾಸ್ತರಿಲ್ಲ ಎಂದು ಅವರೇ ನಮ್ಮೆದುರು ಹೇಳಿಕೊಳ್ಳುತ್ತಾರೆ.

ಇನ್ನೊಂದು ಭಯವೂ ಇದೆ. ಗಂಡನ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಹೊರಬಿದ್ದವಳು ಬಸ್‌ಸ್ಟ್ಯಾಂಡು ದಾಟಿಯೇ ನಮ್ಮಲ್ಲಿಗೆ ಬರಬೇಕು. ಗಂಡನಿಗೆ ಪೊಲೀಸರಲ್ಲಿ ನೆಂಟನಿದ್ದರೆ, ಆಕೆ ಯಾವ ಬಸ್ಸು ಹತ್ತಿದಳೆಂದು ತಿಳಿಯಲು ಎಷ್ಟು ಹೊತ್ತು ಬೇಕು? ಇಂಗ್ಲೆಂಡಿನಲ್ಲಿ ಕ್ಯಾಮರಾ ಕೌನ್ಸಿಲ್‌ನದು. ಹಣ ಕೊಡಬೇಕೇ ಬೇಡವೇ ಎಂದು ಚುನಾಯಿತರು ಸಭೆಯಲ್ಲಿ ಚರ್ಚಿಸುತ್ತಾರೆ, ಪೊಲೀಸರು ಚಿತ್ರ ಪಡೆದರೆ ಅದು ದಾಖಲಾಗಬೇಕು. ಬೆಂಗಳೂರಿನ ಸೇಫ್ ಸಿಟಿ ಕ್ಯಾಮರಾಗಳು ಪೊಲೀಸರ ಕೈಯಲ್ಲಿವೆ. ಅಂಗಡಿ, ಮಾಲು, ಆಸ್ಪತ್ರೆಯಂಥ ಜನ ಸೇರುವ ಜಾಗಗಳು ಕ್ಯಾಮರಾ ಹಾಕಿ 30 ದಿನದ ಚಿತ್ರ ಇಟ್ಟುಕೊಳ್ಳಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಪೊಲೀಸರಿಗೆ ಅದು ಸಿಗುತ್ತದೆ. ಏಟು ತಿಂದವಳಿಗೆ ಸಿಗುವುದೇ? ವೈಯಕ್ತಿಕ ಮಾಹಿತಿ ರಕ್ಷಣೆಗೆಂದು 2023ರಲ್ಲಿ ಬಂದ ಕಾಯ್ದೆಯಲ್ಲೂ ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅವಕಾಶವನ್ನು ಸರ್ಕಾರ ಇಟ್ಟುಕೊಂಡಿದೆ.

ಕ್ಯಾಮರಾಗಳನ್ನೆಲ್ಲ ಕಿತ್ತುಹಾಕಿ ಎಂಬುದು ನನ್ನ ವಾದವಲ್ಲ. ಬೀದಿಯಲ್ಲಿ ಹೊಡೆತ ತಿಂದ ಹೆಣ್ಣಿಗೆ ಆ ಚಿತ್ರ ಸಾಕ್ಷಿಯಾಗಬಹುದು. ಸಾಕ್ಷಿಯಿಲ್ಲದೆ ಸೋತ ಕೇಸುಗಳನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ನಮ್ಮ ಹೆಸರಿನಲ್ಲಿ ಹಾಕಿದ ಕ್ಯಾಮರಾಗಳ ಲೆಕ್ಕ ಕೇಳುವ ಹಕ್ಕು ನಮ್ಮದು. ಆದ್ದರಿಂದ ಸಂಘಟನೆಗಳು ಈ ಹಕ್ಕೊತ್ತಾಯಗಳನ್ನು ಮುಂದಿಡಬೇಕು:

ಒಂದು, ಕ್ಯಾಮರಾ ಎಲ್ಲೆಲ್ಲಿದೆ, ಯಾತಕ್ಕಿದೆ, ಯಾರು ನಡೆಸುತ್ತಾರೆ ಎಂಬುದನ್ನು ಕನ್ನಡದಲ್ಲಿ ಬೀದಿಯಲ್ಲೇ ಬರೆದು ಹಾಕಬೇಕು.

ಎರಡು, ದೌರ್ಜನ್ಯಕ್ಕೆ ಒಳಗಾದವಳು ತನ್ನ ಚಿತ್ರ ಕೇಳಿದರೆ ಅಳಿಸದೆ ಉಳಿಸಿ, ಪ್ರತಿ ಕೊಡಬೇಕು.

ಮೂರು, ಯಾರು, ಯಾವಾಗ, ಯಾವ ಚಿತ್ರ ನೋಡಿದರು ಎಂಬುದು ದಾಖಲಾಗಬೇಕು. ಚಿತ್ರ ಹೊರಬಿಟ್ಟವರ ಮೇಲೆ ಕೇಸು ಹಾಕಬೇಕು.

ನಾಲ್ಕು, ಉಸ್ತುವಾರಿಗೆ ಚುನಾಯಿತರೂ ಮಹಿಳಾ ಸಂಘಟನೆಗಳ ಪ್ರತಿನಿಧಿಗಳೂ ಇರುವ ಸಮಿತಿ ಬೇಕು.

ಐದು, ಕ್ಯಾಮರಾಕ್ಕೆ ಹಣ ಇಡುವ ಪ್ರತಿ ಬಜೆಟ್‌ನಲ್ಲೂ ಆಶ್ರಯ ಗೃಹಗಳಿಗೆ, ಪೂರ್ಣಾವಧಿಯ ಸಂರಕ್ಷಣಾಧಿಕಾರಿಗಳಿಗೆ ಹಣ ಎಷ್ಟು ಎಂಬುದನ್ನೂ ಪಕ್ಕದಲ್ಲೇ ತೋರಿಸಬೇಕು.

ಮುಂದಿನ ಬಾರಿ ನಿಮ್ಮ ವಾರ್ಡಿನಲ್ಲಿ ಕ್ಯಾಮರಾ ಉದ್ಘಾಟನೆಗೆ ಜನಪ್ರತಿನಿಧಿಗಳು ಬಂದಾಗ, ಗೆಳತಿಯರೇ, ಈ ಐದನೆಯದನ್ನು ಮೊದಲು ಕೇಳಿ.