ಕಾದು ಕಾದು ಬಂದ ಹಿಮ

2024ರ ಜನವರಿಯ ಗುಲ್ಮಾರ್ಗ್ ಫೋಟೊಗಳು ನೆನಪಿವೆಯಾ? ಬೆಳ್ಳಗಿರಬೇಕಾದ ಮೈದಾನ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಡಿಸೆಂಬರ್ 21ರಿಂದ ಶುರುವಾಗುವ 40 ದಿನಗಳಿಗೆ ಕಾಶ್ಮೀರದಲ್ಲಿ ‘ಚಿಲ್ಲೈ ಕಲಾನ್’ ಅಂತಾರೆ, ವರ್ಷದಲ್ಲೇ ಕಡು ಚಳಿಯ ಕಾಲ. ಆ ಸಲ ಚಳಿ ಇತ್ತು, ಹಿಮವೇ ಇರಲಿಲ್ಲ. ಫೆಬ್ರವರಿ ಮೊದಲ ವಾರ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೂ ಮುಂದಕ್ಕೆ ಹಾಕಿದರು.

ಆಮೇಲೆ ಹಿಮ ಬಂತು. ಫೆಬ್ರವರಿ ಮೂರನೇ ವಾರ ಚೆನ್ನಾಗಿಯೇ ಸುರಿಯಿತು. 22ರಂದು ಮೇಲಿನ ಇಳಿಜಾರಿನಲ್ಲಿ ಹಿಮಕುಸಿತವಾಗಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು.

ಒಂದು ಅಪಘಾತಕ್ಕೆ ಹತ್ತು ಕಾರಣ ಇರುತ್ತೆ, ಅದು ಬೇರೆ ಮಾತು. ಆದರೆ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿರೋದು, ಹಿಮ ಕಮ್ಮಿ ಇದ್ದರೆ ಅಪಾಯವೂ ಕಮ್ಮಿ ಅಂತ. ಅದು ಉಲ್ಟಾ.

ಯಾಕೆ ನೋಡಿ. ಹಿಮದ ಅಡಿಯ ನೆಲ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿಯಲ್ಲಿರುತ್ತೆ, ಮೇಲಿನ ಗಾಳಿ ಮೈನಸ್ 15ಕ್ಕೂ ಇಳಿಯಬಹುದು. ಹಿಮ ಮೂರ್ನಾಲ್ಕು ಅಡಿ ದಪ್ಪ ಇದ್ದರೆ ಈ ವ್ಯತ್ಯಾಸ ನಿಧಾನಕ್ಕೆ ಹಂಚಿಹೋಗುತ್ತೆ. ಅರ್ಧ ಅಡಿಯಷ್ಟೇ ಇದ್ದರೆ? ಕೆಳಗಿನ ತೇವ ಆವಿಯಾಗಿ ಮೇಲೇರುತ್ತಾ, ಹಿಮದ ಕಣಗಳು ಒಂದಕ್ಕೊಂದು ಅಂಟದ ದಪ್ಪ ಹರಳುಗಳಾಗಿಬಿಡುತ್ತವೆ. ಕೈಗೆ ತಗೊಂಡರೆ ಸಕ್ಕರೆ ಥರ ಬೆರಳ ಸಂದಿಯಿಂದ ಸುರಿಯುತ್ತೆ. ವಾರಗಟ್ಟಲೆ ಬಿಸಿಲು, ಚಳಿ, ಮೋಡವಿಲ್ಲದ ರಾತ್ರಿ ಇದ್ದರೆ ಈ ಪದರ ಇನ್ನೂ ಕೆಡುತ್ತೆ. ಅದರ ಮೇಲೆ ಒಂದೇ ಸಲಕ್ಕೆ ಎರಡು ಅಡಿ ಹೊಸ ಹಿಮ! ತಟ್ಟೆ ತುಂಬ ಸಕ್ಕರೆ ಹರಡಿ, ಮೇಲೊಂದು ದಪ್ಪ ರೊಟ್ಟಿ ಇಟ್ಟು, ತಟ್ಟೆಯನ್ನು ಓರೆ ಮಾಡಿ. ರೊಟ್ಟಿ ಇಡೀಯಾಗಿ ಜಾರುತ್ತಲ್ಲ, ಹಾಗೆ. 30ರಿಂದ 45 ಡಿಗ್ರಿ ಇಳಿಜಾರು ಇದಕ್ಕೆ ಹೇಳಿ ಮಾಡಿಸಿದ್ದು. ಸ್ಕೀ ಮಾಡೋಕೆ ಮಜಾ ಕೊಡೋದೂ ಅದೇ ಇಳಿಜಾರು, ಏನು ಮಾಡೋದು.

ಅಫರ್ವತ್ ಪರ್ವತದಲ್ಲಿ ಇನ್ನೊಂದು ಮೋಸ ಇದೆ. ಗೊಂಡೋಲಾ ನಿಮ್ಮನ್ನು 3,900 ಮೀಟರ್ ದಾಟಿಸಿ ಕೂರಿಸುತ್ತೆ. ನಡೆದು ಹತ್ತಿದ್ದರೆ ದಾರಿಯಲ್ಲಿ ಕಾಲಡಿ ‘ಧುಮ್’ ಅಂತ ಹಿಮ ಕುಸಿದ ಸದ್ದು ಕೇಳಿಸಿರೋದು, ಬಿರುಕು ಓಡಿದ್ದು ಕಂಡಿರೋದು. ವಾಪಸ್ ಹೋಗು ಅಂತ ಬೆಟ್ಟವೇ ಹೇಳೋ ಮಾತು ಅದು. ಕ್ಯಾಬಿನ್‌ನಲ್ಲಿ ಕೂತವರಿಗೆ ಅದ್ಯಾವುದೂ ಇಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ಬೆಂಗಳೂರಿಂದ ಹೋಗೋರಿಗೆ ರಜೆ ಐದು ದಿನ. ಟಿಕೆಟ್ ಕ್ಯಾನ್ಸಲ್ ಮಾಡಿದರೆ ದುಡ್ಡು ಬರಲ್ಲ. ನಾಲ್ಕು ದಿನ ಹೋಟೆಲ್‌ನಲ್ಲಿ ಚಹಾ ಕುಡಿದು ಕೂತು, ಕೊನೇ ದಿನ ಬೆಳಗ್ಗೆ ಕಿಟಕಿ ತೆಗೆದರೆ ಎಲ್ಲಾ ಬೆಳ್ಳಗೆ. ಗಂಡೋಲಾ ಟಿಕೆಟ್ ಕೈಲಿದೆ. ಗೈಡ್ “ಇವತ್ತು ಬೇಡ ಸಾರ್” ಅಂದರೆ ಎಷ್ಟು ಜನ ಕೇಳ್ತೀವಿ? ‘ಅಷ್ಟು ದೂರದಿಂದ ಬಂದಿದ್ದೀನಿ’ ಅನ್ನೋ ಮಾತು ಬಾಯಿಗೆ ಬರೋದು ಆಗಲೇ. ಹಿಮಕ್ಕೆ ನಮ್ಮ ರಜೆಯ ಲೆಕ್ಕ ಗೊತ್ತಿಲ್ಲ.

ಹಗ್ಗ ಕಟ್ಟಿದ ಗಡಿ ದಾಟಿ ಹೋಗಲೇಬೇಕು ಅನ್ನೋರು ಬೀಕನ್, ಪ್ರೋಬ್, ಸಲಿಕೆ ಮೂರನ್ನೂ ಒಯ್ಯಬೇಕು, ಜೊತೆಗಿರೋ ಪ್ರತಿಯೊಬ್ಬರೂ. ಹೂತುಹೋದವರನ್ನು ಉಳಿಸೋದು ಮೊದಲ 10-15 ನಿಮಿಷ, ಅಷ್ಟರಲ್ಲಿ ಅಗೆಯೋರು ಪಕ್ಕದವರೇ. ನನ್ನ ಕೇಳಿದರೆ, ಒಣ ಚಳಿಗಾಲದ ನಂತರ ಬಂದ ಮೊದಲ ದೊಡ್ಡ ಹಿಮದ ದಿನ ಕೆಳಗಿನ ಚಪ್ಪಟೆ ಮೈದಾನದಲ್ಲೇ ಬೀಳ್ತಾ ಏಳ್ತಾ ಇರ್ತೀನಿ. ಅಲ್ಲಿಂದಲೂ ಅಫರ್ವತ್ ಚೆನ್ನಾಗೇ ಕಾಣುತ್ತೆ.